ರಿಪೇರಿ ಪಾಸೆಮಾತಾ ಮತ್ತು ಮಾಸ್ತರರ ಲ್ಯಾಪ್‌ಟಾಪ್

ನಮ್ಮ ದ್ವೀಪದ ನೇಯಾಫು ಬಂದರಿನ ಮಾರುಕಟ್ಟೆಯ ಹಿಂದೆ, ನನ್ನ ಚಾಪೆ ಅಂಗಡಿಗೆ ಅಂಟಿಕೊಂಡ ಕೋಣೆಯಲ್ಲಿ ಪಾಸೆಮಾತಾ ಕೆಟ್ಟ ಯಂತ್ರಗಳನ್ನು ರಿಪೇರಿ ಮಾಡುತ್ತಾಳೆ. ವಯಸ್ಸು ಐವತ್ತನಾಲ್ಕು. ಮೊದಲು ಹದಿನೇಳು ವರ್ಷ ಮೀನುದೋಣಿಗಳ ರೇಡಿಯೊ ನೋಡಿಕೊಳ್ಳುತ್ತಿದ್ದಳು. ಉಪ್ಪುಗಾಳಿ ತಾಮ್ರವನ್ನು ಹೇಗೆ ತಿನ್ನುತ್ತದೆಂದು ಕಲಿತದ್ದು ಅಲ್ಲೇ. ಆಮೇಲೆ ಊರಿಗೆ ಲ್ಯಾಪ್‌ಟಾಪ್‌ಗಳು ಬಂದವು. ಒಂದನ್ನು ಬಿಚ್ಚಿ ಹಾಳು ಮಾಡಿದಳು, ಇನ್ನೊಂದನ್ನು ಬಿಚ್ಚಿ ಸರಿಯಾಗಿ ಜೋಡಿಸಿದಳು. ಎರಡೂ ಅವಳ ತಮ್ಮನವೇ.

ಯಾರೇ ಬರಲಿ, ಅವಳ ಮೊದಲ ಪ್ರಶ್ನೆ ಒಂದೇ: ನಿಂತುಹೋಗುವ ಮುಂಚೆ ಏನಾಯಿತು? ಏನೂ ಆಗಲಿಲ್ಲ ಎನ್ನದವರನ್ನು ನಾನು ಕಂಡಿಲ್ಲ.

ಚರ್ಚಿನ ಹಾಡಿನ ಮಾಸ್ತರ ಮೋಸೆಸೆ ಕೂಡ ಅದನ್ನೇ ಹೇಳಿದರು. ಎಪ್ಪತ್ತರ ಹತ್ತಿರದ ಗಂಭೀರ ಮನುಷ್ಯ, ಭಾನುವಾರ ಉಪದೇಶವನ್ನೂ ಮಾಡುವವರು. ನಮ್ಮಲ್ಲಿ ಮರ್ಯಾದೆಗೆಂದು ಉಡುವ ಹೆಣೆದ ಚಾಪೆಯನ್ನು ಸೊಂಟಕ್ಕೆ ಸುತ್ತಿಕೊಂಡು, ಲ್ಯಾಪ್‌ಟಾಪನ್ನು ಬೈಬಲ್ಲಿನಂತೆ ಎದೆಗವಚಿಕೊಂಡು ಬಂದಿದ್ದರು. ಚರ್ಚಿನ ಸಮಾವೇಶಕ್ಕೆ ಐದೇ ದಿನವಿತ್ತು. ಅರವತ್ತು ಜನ ಹಾಡಬೇಕಾದ ಹಾಡುಗಳ ಸಾಲುಗಳೂ ಸ್ವರ ಸೂಚಿಸುವ ಅಂಕಿಗಳೂ ಎಲ್ಲ ಅದರೊಳಗೇ ಇದ್ದವು. ಬೇರೆ ಪ್ರತಿ ಇರಲಿಲ್ಲ.

"ನಿನ್ನೆ ಬೆಳಗ್ಗೆ ಒತ್ತಿದೆ, ಉಸಿರೇ ಇಲ್ಲ," ಎಂದರು.

"ಮೇಲೆ ಏನಾದ್ರೂ ಚೆಲ್ಲಿತ್ತಾ ಮಾಸ್ತರೇ?"

"ಒಂದು ಹನೀನೂ ಇಲ್ಲ."

ಪಾಸೆಮಾತಾ ಚಾರ್ಜರಿಗೆ ಮೀಟರ್ ಹಿಡಿದಳು. ಕರೆಂಟು ಸರಿಯಾಗಿಯೇ ಬರುತ್ತಿತ್ತು. ಸಿಕ್ಕಿಸಿ ಗುಂಡಿ ಒತ್ತಿದಳು. ದೀಪವಿಲ್ಲ, ಫ್ಯಾನಿನ ಸದ್ದಿಲ್ಲ. ಪರದೆಯೊಂದೇ ಸತ್ತಿರಬಹುದೆಂದು ಟಾರ್ಚ್ ಬಿಟ್ಟು ಓರೆಯಾಗಿ ನೋಡಿದಳು. ಅಲ್ಲೂ ಏನಿಲ್ಲ. ತಿರುವಿ ಹಾಕಿ ತಿರುಪು ಬಿಚ್ಚಿ ಹಿಂದಿನ ಮುಚ್ಚಳ ತೆಗೆದಳು. ಮೂರು ಅಕ್ಕಿಕಾಳು ಮೇಜಿನ ಮೇಲೆ ಉದುರಿದವು.

ಅವಳು ಅಕ್ಕಿಯನ್ನು ನೋಡಿದಳು. ಮಾಸ್ತರರೂ ನೋಡಿದರು.

"ಒದ್ದೆ ಆಗದೇ ಇದ್ರೆ ಅಕ್ಕಿಯೊಳಗೆ ಯಾಕೆ ಹೂತಿಟ್ರಿ? ಅನ್ನ ಮಾಡೋಕಾ?"

ನನಗೆ ನಗು ತಡೆಯಲಾಗಲಿಲ್ಲ. ಮಾಸ್ತರರ ಕಿವಿ ಕೆಂಪಾಯಿತು.

"ಚಹಾ ಬಿತ್ತು. ನಾನೇ ಚೆಲ್ಲಿದೆ."

ಪಾಸೆಮಾತಾ ಬ್ಯಾಟರಿಯ ಕೊಂಡಿ ಕಳಚಿ, ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿದು, ಮತ್ತೆ ಸಿಕ್ಕಿಸಿ ನೋಡಿದಳು. ಪ್ರಯೋಜನವಾಗಲಿಲ್ಲ. ಆಮೇಲೆ ಕೀಬೋರ್ಡ್ ಎಬ್ಬಿಸಿದಳು. ಅದರಡಿ ಕಂದು ಪಾಕ ಗಟ್ಟಿಯಾಗಿ ಇರುವೆ ಸಾಲುಗಟ್ಟಿದ್ದವು. ಹಾಲಿನ ಹುಳಿ ವಾಸನೆ ನನ್ನವರೆಗೂ ಬಂತು. ಸಕ್ಕರೆ ಕಾಯಿಲೆಯಿಂದ ಮಾಸ್ತರರ ಎಡಗಾಲಿನ ಎರಡು ಬೆರಳು ತೆಗೆದದ್ದು ಊರಿಗೆಲ್ಲ ಗೊತ್ತು. ಅಂದಿನಿಂದ ಅವರು ಹಾಲು ಸಕ್ಕರೆಯಿಲ್ಲದ ಕಪ್ಪು ಚಹಾ ಬಿಟ್ಟರೆ ಬೇರೆ ಚಹಾ ಮುಟ್ಟಿಲ್ಲ. ಪಾಸೆಮಾತಾ ಮಾಸ್ತರರ ಕಡೆ ಒಮ್ಮೆ ನೋಡಿ, ಇರುವೆಗಳನ್ನು ಊದಿದಳು.

ಕೆಟ್ಟದ್ದು ಆನ್ ಮಾಡುವ ಗುಂಡಿ. ಅದರ ಕೆಳಗಿನ ತಾಮ್ರ ಹಸಿರುಗಟ್ಟಿತ್ತು. ಅವಳು ಹಲ್ಲುಜ್ಜುವ ಬ್ರಷ್ಷನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಒಂದು ಗಂಟೆ ಉಜ್ಜಿದಳು, ಫ್ಯಾನಿನ ಮುಂದೆ ಇನ್ನೊಂದು ಗಂಟೆ ಒಣಗಿಸಿದಳು. ಕೊನೆಗೆ ಗುಂಡಿಯನ್ನು ಬಿಟ್ಟು, ಅದರ ಎರಡು ತುದಿಗಳನ್ನು ಸ್ಕ್ರೂಡ್ರೈವರಿನಿಂದ ಮುಟ್ಟಿಸಿದಳು. ಫ್ಯಾನು ಗುರ್ ಎಂದಿತು, ಪರದೆ ಬೆಳಗಿತು. ಮಾಸ್ತರರು ಕಣ್ಣು ಮುಚ್ಚಿ ಏನೋ ಗೊಣಗಿದರು.

"ಪ್ರಾರ್ಥನೆ ಆಮೇಲೆ ಮಾಡಿ. ಮೊದಲು ಹಾಡೆಲ್ಲ ಈ ಪೆನ್‌ಡ್ರೈವಿಗೆ ಹಾಕ್ಕೊಳ್ಳೋಣ," ಎಂದಳು ಪಾಸೆಮಾತಾ.

ಕೀಬೋರ್ಡಿನ ಅರ್ಧ ಅಕ್ಷರಗಳು ಸತ್ತಿದ್ದವು. ಕೆಟ್ಟ ಗುಂಡಿಯ ಜಾಗಕ್ಕೆ ಬೇರೊಂದನ್ನು ಬೆಸೆದು, ಹೊರಗಿನಿಂದ ಸಿಕ್ಕಿಸುವ ಹಳೆಯ ಕೀಬೋರ್ಡೊಂದನ್ನು ಕೊಟ್ಟು ಕಳಿಸಿದಳು.

ಸಮಾವೇಶ ಮುಗಿದ ವಾರ ಮಾಸ್ತರರ ಹೆಂಡತಿ ಮೆಲೆಸೇನಿ ಬಂದರು. ಬಲಗೈ ಸುಮ್ಮನೆ ಜೋತುಬಿದ್ದಿತ್ತು. ಫೆಬ್ರವರಿಯಲ್ಲಿ ಲಕ್ವ ಹೊಡೆದಿತ್ತು. ಎಡಗೈಯಲ್ಲಿ ಗೆಣಸಿನ ಬುಟ್ಟಿ.

"ಯಾರು ಚೆಲ್ಲಿದ್ದು ಅಂದ್ರು ನಮ್ಮವರು?"

"ತಾವೇ ಅಂದ್ರು ಅಕ್ಕ."

"ಸುಳ್ಳ! ಉಪದೇಶ ಬೇರೆ ಮಾಡ್ತಾರೆ. ಚೆಲ್ಲಿದ್ದು ನಾನು. ಲೋಟ ಕೈಯಿಂದ ಜಾರಿದ್ದು ನನಗೆ ಗೊತ್ತೇ ಆಗ್ಲಿಲ್ಲ." ಬುಟ್ಟಿಯನ್ನು ಮೇಜಿನ ಮೇಲಿಟ್ಟರು. "ಹಾಡೆಲ್ಲ ಟೈಪ್ ಮಾಡೋದೂ ನಾನೇ ಪಾಸೆ. ಅವರಿಗೆ ಆ ಯಂತ್ರ ಮುಚ್ಚೋಕೂ ಬರಲ್ಲ. ಮೂವತ್ತು ವರ್ಷದಿಂದ ಅವರು ಹಾಡ್ತಾರೆ, ನಾನು ಬರೀತೀನಿ. ಈಗ ಒಂದೇ ಕೈ. ಹೆಸರಿನ ಮೊದಲಿನ ದೊಡ್ಡಕ್ಷರಕ್ಕೆ ಎರಡು ಗುಂಡಿ ಒಟ್ಟಿಗೆ ಒತ್ತಬೇಕು, ಆಗಲ್ಲ. ದೇವರ ಹೆಸರನ್ನೂ ಚಿಕ್ಕಕ್ಷರದಲ್ಲೇ ಬರೀತಿದೀನಿ."

ಹಾಡು ಟೈಪ್ ಮಾಡುವವರು ಇವರೆಂದು ಊರಿನಲ್ಲಿ ಯಾರಿಗೂ ತಿಳಿದಿರಲಿಲ್ಲ. ಪಾಸೆಮಾತಾ ಪಕ್ಕದ ಸ್ಟೂಲನ್ನು ಎಳೆದು ಅವರನ್ನು ಕೂರಿಸಿದಳು. ತನ್ನದೇ ಲ್ಯಾಪ್‌ಟಾಪ್ ತೆರೆದು, ಗುಂಡಿಗಳನ್ನು ಒಂದಾದ ಮೇಲೊಂದು ಒತ್ತಿದರೂ ಒಟ್ಟಿಗೆ ಒತ್ತಿದಂತೆ ತಿಳಿದುಕೊಳ್ಳುವ ಏರ್ಪಾಟೊಂದನ್ನು ಹುಡುಕಿ ತೋರಿಸಿದಳು.

ಮೆಲೆಸೇನಿ ಎಡಗೈಯ ತೋರುಬೆರಳಿನಿಂದ ಒಂದು ಗುಂಡಿ ಒತ್ತಿ, ತಡೆದು, ಇನ್ನೊಂದನ್ನು ಒತ್ತಿದರು. ಪರದೆಯ ಮೇಲೆ ದೊಡ್ಡಕ್ಷರ ಮೂಡಿತು. ಅವರು ಅದನ್ನು ಅಳಿಸಿ ಮತ್ತೆ ಬರೆದರು. ಹಾಗೆ ನಾಲ್ಕೈದು ಸಲ.

"ಇದನ್ನ ಮನೇದ್ರಲ್ಲೂ ಹಾಕಿಕೊಡ್ತೀಯಾ?"

"ನಾಳೆ ಬೆಳಗ್ಗೆ ನಾನೇ ಬರ್ತೀನಿ ಅಕ್ಕ," ಎಂದಳು ಪಾಸೆಮಾತಾ.