ಬಸಪ್ಪ ಕಾಕಾನ ಮೊಣಕಾಲು

ಬಸಪ್ಪ ಕಾಕಾ ಕುಂಟುತ್ತಿದ್ದ. ಬಂದರಿನ ಹತ್ತಿರದ ಝುವಾರಿನಗರದ ನಮ್ಮ ಖೋಲಿಗಳ ಸಾಲಿನಲ್ಲಿ ಎಲ್ಲರ ಸೊಂಟ, ಮೊಣಕಾಲು ನೆಟ್ಟಗೆ ಮಾಡಿದವನು ತಾನು ಮಾತ್ರ ಬಲಗಾಲು ಎಳೆಯುತ್ತ ನಡೆಯುತ್ತಿದ್ದ. ಸಂಜೆ ಹೊಸ್ತಿಲಲ್ಲಿ ಕೂತು ಎಣ್ಣೆ ತಿಕ್ಕಿಕೊಳ್ಳುವಾಗ ಯಾರಾದರೂ ಕೆಣಕಿದರೆ, "ನನ್ನ ಪುಡಿ ನನಗ ಉಷ್ಣ ಆಗತೈತೋ ತಮ್ಮಾ" ಎಂದು ನಗುತ್ತಿದ್ದ. ನಾವೂ ನಗುತ್ತಿದ್ದೆವು.

ಅವನ ಬೇರಿನ ಪುಡಿ ಎಂದರೆ ಬಂದರಿನ ಹಮಾಲರಿಗೆಲ್ಲ ಪ್ರಾಣ. ಅಪ್ಪ ತೀರಿಕೊಂಡಾಗ ನಮಗೆ ಅನ್ನ ಹಾಕಿದವನೂ ಅವನೇ. ಕಟ್ಟಡದ ಕೆಲಸದಲ್ಲಿ ಬುಟ್ಟಿ ಹೊತ್ತು ಸೊಂಟ ಹಿಡಿದಿದ್ದ ಅವ್ವನಿಗೆ ದಿನಾ ಬೆಳಿಗ್ಗೆ ಪುಡಿಯನ್ನು ಮಜ್ಜಿಗೆಯಲ್ಲಿ ಕಲಸಿ ಕುಡಿಸಿದ. ಅವ್ವ ಎದ್ದು ಓಡಾಡಿದಳು. ಬರಬರುತ್ತ ಅವಳ ಮುಖ ಉಬ್ಬಿ ದುಂಡಗಾಯಿತು. "ನೋಡ್ರಿ, ನಮ್ಮ ವೈನಿ ಹೆಂಗ ಮೈ ತುಂಬ್ಯಾಳ!" ಎಂದು ಕಾಕಾ ಸಾಲಿಗೆಲ್ಲ ತೋರಿಸಿದ. ನಾನೂ ಹಿಗ್ಗಿದೆ.

ಒಂದು ಮಳೆಗಾಲ ಅವ್ವನ ಪಾದಕ್ಕೆ ಮೊಳೆ ಚುಚ್ಚಿತು. ಜ್ವರವಿಲ್ಲ, ನೋವೂ ಅಷ್ಟಕ್ಕಷ್ಟೇ. ಕೆಲಸಕ್ಕೆ ಹೋಗುತ್ತಲೇ ಇದ್ದಳು. ಪಾದ ಕಪ್ಪಾದ ಮೇಲೆ ಆಸ್ಪತ್ರೆಗೆ ಒಯ್ದೆ. ರಕ್ತದಲ್ಲಿ ಬಿಳಿಕಣ ವಿಪರೀತ ಏರಿದ್ದವು. ಏನು ಔಷಧಿ ತೆಗೆದುಕೊಳ್ಳುತ್ತೀರಿ ಎಂಬ ಡಾಕ್ಟರ ಪ್ರಶ್ನೆಯನ್ನು ಅವ್ವನಿಗೆ ಕನ್ನಡದಲ್ಲಿ ತಿಳಿಸಿದೆ.

"ಔಷಧ ಎಲ್ಲಿಂದು? ಬರೇ ನಮ್ಮ ಬಸಪ್ಪನ ಪುಡಿ."

ಡಾಕ್ಟರು ಅವಳ ಉಬ್ಬಿದ ಮುಖವನ್ನೇ ನೋಡಿ, ಆ ಪುಡಿಯಲ್ಲಿ ಸ್ಟಿರಾಯ್ಡ್ ಮಾತ್ರೆ ಅರೆದು ಬೆರೆಸಿದ್ದಾರೆ ಎಂದರು. ಮೂತ್ರಪಿಂಡದ ಮೇಲಿನ ಸಣ್ಣ ಗ್ರಂಥಿ ಹದವಾಗಿ ಕೊಡುವಂಥ ರಸವದು. ಹೊರಗಿನಿಂದ ಸುರಿದರೆ ರಕ್ತನಾಳದ ಗೋಡೆಗೆ ಅಂಟಿಕೊಂಡಿದ್ದ ಬಿಳಿಕಣಗಳು ಕಳಚಿ ರಕ್ತಕ್ಕೆ ಬರುತ್ತವೆ. ಎಣಿಕೆ ಏರುತ್ತದೆ, ಆದರೆ ಗಾಯದ ಕಡೆ ಅವು ಸರಿಯಾಗಿ ಹೋಗುವುದಿಲ್ಲ. ಜ್ವರ, ನೋವು ಎಲ್ಲ ಮುಚ್ಚಿಹೋಗುತ್ತದೆ. ಹಾಳಾದ ಪುಡಿ! ಅದನ್ನು ತಟ್ಟನೆ ಬಿಡಿಸುವಂತೆಯೂ ಇರಲಿಲ್ಲ, ಅವ್ವನ ಗ್ರಂಥಿ ತನ್ನ ಕೆಲಸ ಮರೆತಿತ್ತಂತೆ. ಪಾದ ಕತ್ತರಿಸಿದರು. ಡಾಕ್ಟರ ಹಿಂದಿ ಅವ್ವನಿಗೆ ತಿಳಿಯಲಿಲ್ಲ, ನಾನೂ ಬಿಡಿಸಿ ಹೇಳಲಿಲ್ಲ.

ಆಸ್ಪತ್ರೆಯಿಂದ ನೆಟ್ಟಗೆ ಕಾಕಾನ ಮನೆಗೆ ಹೋದೆ. ಹೊಸ್ತಿಲಲ್ಲಿ ಎಣ್ಣೆ ತಿಕ್ಕುತ್ತ ಕೂತಿದ್ದ.

"ಪುಡಿಯೊಳಗ ಏನ್ ಬೆರಸ್ತಿದ್ದಿ? ಖರೇ ಹೇಳು."

"ಗುಳಿಗಿ," ಎಂದ, ತಲೆ ಎತ್ತದೆ. "ಮಂದಿ ನರಳೂದು ನೋಡಾಕ ಆಗ್ಲಿಲ್ಲೋ ತಮ್ಮಾ. ಎಲ್ಲಾರೂ ಚಲೋ ಆಗಾಕತ್ತಿದ್ರು."

"ಮತ್ತ ನೀ ಯಾಕ ತಗೊಳ್ಳಿಲ್ಲ?"

ತಿಕ್ಕುವ ಕೈ ನಿಂತಿತು. ಎಣ್ಣೆಯ ಬಟ್ಟಲು ಎತ್ತಿಕೊಂಡು ಕುಂಟುತ್ತ ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಅನ್ನ ಹಾಕಿದ ಕೈಯೇ ತಿಳಿದೂ ತಿಳಿದೂ ಹೀಗೆ ಮಾಡಿತ್ತಲ್ಲ!

ಮರುದಿನ ಅವನ ಖೋಲಿಗೆ ಬೀಗ. ಆಮೇಲೆ ಅವನನ್ನು ಯಾರೂ ಕಾಣಲಿಲ್ಲ.

ಮನೆಗೆ ಬಂದ ಅವ್ವ ಬಾಗಿಲ ಕಡೆ ನೋಡುತ್ತ ಹೇಳಿದಳು: "ಬಸಪ್ಪ ಬಂದ್ರ ನನ್ನ ಕಾಲ ಮ್ಯಾಲ ಕೌದಿ ಹೊಚ್ಚಪಾ. ನೋಡಿದ್ರ ಪಾಪ, ಭಾಳ ನೊಂದ್ಕೋತಾನ."