ಅತ್ತೆಯವರ ದಾಸವಾಳ

ಅಂದು ಬೆಳಿಗ್ಗೆಯೂ ಹಾಲು ಕಾಯಿಸಿಟ್ಟು, ಎಂದಿನಂತೆ ವಾಟರ್ ಫಿಲ್ಟರ್ ಹೊರಹಾಕಿದ ನೀರಿನ ಬಕೆಟ್ ಹಿಡಿದು ಬಾಲ್ಕನಿಗೆ ಹೋದೆ. ತೀರಿಕೊಂಡ ಅತ್ತೆಯವರು ನೆಟ್ಟಿದ್ದ ದಾಸವಾಳ ಜೋತುಬಿದ್ದಿತ್ತು. ಅವರು ಬಿಟ್ಟುಹೋದ ಗಿಡಗಳಲ್ಲಿ ಉಳಿದಿದ್ದು ಅದೊಂದೇ. ಎಲೆಗಳ ಅಂಚು ಸುಟ್ಟಂತಿತ್ತು, ಮಣ್ಣಿನ ಮೇಲೆ ಬಿಳಿಯ ಪದರ. ನಾಗಸಂದ್ರದ ನಮ್ಮ ಬೋರ್‌ವೆಲ್ ನೀರಿನ ಉಪ್ಪೆಲ್ಲ ಈ ಬಕೆಟ್ಟಿಗೇ ಬಂದು ಸೇರುತ್ತದೆಂದು ಆಗ ಹೊಳೆಯಿತು. ಮೇಲ್ಮಣ್ಣು ಕೆರೆದು ತೆಗೆದೆ. ಕುಡಿಯುವ ನೀರನ್ನೇ ಕುಂಡದ ತಳದಿಂದ ಹರಿಯುವಷ್ಟು ಹೊಯ್ದು, ನೆರಳಿಗೆ ಸರಿಸಿದೆ. ಸಂಜೆಯ ಹೊತ್ತಿಗೆ ತುದಿಯ ಎರಡು ಎಲೆಗಳು ಮೆಲ್ಲಗೆ ತಲೆಯೆತ್ತಿದ್ದವು.

ಪಕ್ಕದ ಬಾಲ್ಕನಿಯಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದ ನೆರೆಮನೆಯಾಕೆ ನಕ್ಕರು. “ಬೆಳಿಗ್ಗೆ ಕುಡಿಯೋ ನೀರು ಹಾಕ್ತಿದ್ರಲ್ಲಾ? ನಿಮ್ಮತ್ತೇನೂ ಹಂಗೇ ಕಣ್ರೀ. ಮಾತ್ರೆ ನುಂಗಿ, ಲೋಟದಲ್ಲಿ ಉಳಿದಿದ್ದನ್ನ ಅದಕ್ಕೇ ಸುರಿಯೋರು.”