ಬಿಷಪ್ ತಾತನ ತಿಥಿ

ಅದಿತಿ, ನಿಹಾರ್, ನಿನ್ನೆ ಮಧ್ಯಾಹ್ನ ಅಡುಗೆಮನೆಯಲ್ಲಿ ಬಿಷಪ್ ತಾತನ ಕೋಟಿನ ನುಸಿಗುಳಿಗೆ ವಾಸನೆ ಬಂತು. ಕಿಟಕಿಗಳೆಲ್ಲ ಮುಚ್ಚಿದ್ದವು. ತಾತ ತೀರಿಕೊಂಡು ಇಪ್ಪತ್ತು ದಿನವಾಗಿತ್ತು. "ಊಟ ಆಯ್ತಾ?" ಎಂದು ಕೇಳಿಬಿಟ್ಟೆ. ಅದಿತಿ, ನೀನು ಮಹಡಿಯಿಂದ "ಅಜ್ಜಿ, ಹೂ ಆರ್ ಯೂ ಟಾಕಿಂಗ್ ಟು?" ಎಂದೆ. ಬಾಯಲ್ಲಿ ಹೇಳಲು ನಾಚಿಕೆ. ಹಳ್ಳಿಯ ಶಾಲೆಯಲ್ಲಿ ಕಲಿತ ನಾಲ್ಕಕ್ಷರ ಇದಕ್ಕಾದರೂ ಆಗಲಿ ಎಂದು ಬರೆಯುತ್ತಿದ್ದೇನೆ.

ತಾತ ನಮ್ಮ ಲೂಯಿಸ್‌ವಿಲ್ ಊರಿನಲ್ಲಿ, ಇದೇ ಬೀದಿಯ ಕೊನೆಯ ಮನೆಯಲ್ಲಿ ಮಗಳೊಂದಿಗಿದ್ದರು. ಇಂಗ್ಲೆಂಡಿನ ಜಹಗೀರುದಾರರ ವಂಶ, ಹುಟ್ಟಿದ್ದು ನಲವತ್ತು ಕೋಣೆಯ ಮನೆಯಲ್ಲಿ. ಆಸ್ತಿ, ಪದವಿ ಅಣ್ಣನ ಪಾಲಾದವು, ತಮ್ಮನಾದ ತಾತ ಚರ್ಚಿನ ಪಾಲಾದರು. ಚಿಕ್ಕ ವಯಸ್ಸಿನಲ್ಲಿ ಮೈಸೂರು ಸೀಮೆಯಲ್ಲಿ ಪಾದ್ರಿಯಾಗಿದ್ದು, ಆಮೇಲೆ ತಮ್ಮ ನಾಡಿನಲ್ಲಿ ಬಿಷಪ್ ಆದವರು. ತೊಂಬತ್ತು ದಾಟಿದರೂ ಕನ್ನಡ ಮರೆತಿರಲಿಲ್ಲ, ಆದರೆ ಅದು ಪುಸ್ತಕದ ಕನ್ನಡ. ಕೊಳದ ಬಳಿಯ ಬೆಂಚಿನಲ್ಲಿ ಮೊದಲು ಸಿಕ್ಕಾಗ "ತಾಯೀ, ತಾವು ಆಸೀನರಾಗಬೇಕು" ಎಂದರು. ಗಾಬರಿಯಲ್ಲಿ ನಾನು ಹುಲ್ಲಿನ ಮೇಲೆ ಕೂತುಬಿಟ್ಟೆ.

ಹೋದ ವರ್ಷ ಅದೇ ಬೆಂಚಿನಲ್ಲಿ ಹೇಳಿದೆ: "ನಮ್ಮೆಜಮಾನರ ತಿಥಿ ಬುಧವಾರ ಬೀಳತ್ತೆ. ಮಗನಿಗೆ ಲಾಸ್ ಕೊಲಿನಾಸ್‌ನಲ್ಲಿ ಆಫೀಸ್ ಮೀಟಿಂಗು, ಪುರೋಹಿತರು ಸಿಗೋದೂ ವೀಕೆಂಡೇ. ಶನಿವಾರಕ್ಕೆ ಶಿಫ್ಟ್ ಮಾಡಿದಾರೆ."

ತಾತ ತಮ್ಮ ಮನೆಯ ಕಥೆ ಹೇಳಿದರು. ಅವರ ಮನೆಯಲ್ಲಿ ಸತ್ತ ಯಜಮಾನನಿಗೆ ಪ್ರತಿವರ್ಷ ಸತ್ತ ದಿನವೇ ಮೇಜಿನ ಮೇಲೆ ತಟ್ಟೆ ಇಡುವ ಪದ್ಧತಿಯಿತ್ತಂತೆ. ತಾವು ಬಿಷಪ್ ಆದ ವರ್ಷ, ಇದು ಮೂಢನಂಬಿಕೆ ಎಂದು ತಂದೆಯ ತಟ್ಟೆಯನ್ನು ತೆಗೆಸಿದರಂತೆ.

"ತಂದೆಯವರು ಬಂದರು, ತಾಯೀ. ಕುರ್ಚಿ ಹಿಂದಕ್ಕೆ ಸರಿಯಿತು. ಎಲ್ಲರೂ ನೋಡಿದೆವು. ತಟ್ಟೆ ಇರಲಿಲ್ಲ. ಕುರ್ಚಿ ಮತ್ತೆ ಮುಂದಕ್ಕೆ ಸರಿಯಿತು."

"ಆಮೇಲೆ?"

"ಮರುವರ್ಷದಿಂದ ಇಟ್ಟೆವು. ಅವರು ಪುನಃ ಬರಲಿಲ್ಲ."

ಆ ಬುಧವಾರ ಮನೆಯಲ್ಲಿ ನಾನೊಬ್ಬಳೇ. ಹೆಂಗಸು ಶ್ರಾದ್ಧ ಮಾಡುವಂತಿಲ್ಲ, ಗೊತ್ತು. ನಿಮ್ಮಪ್ಪ ಏನೆಂದುಕೊಂಡಾನೋ ಎಂಬ ಅಂಜಿಕೆ ಬೇರೆ. ಆದರೆ ನಿಮ್ಮಜ್ಜ ಬಂದು, ಎಲೆ ಕಾಣದೆ, ಹಸಿದು ಹಿಂದಿರುಗಿದರೆ? ಅನ್ನ, ಹಾಗಲಕಾಯಿ ಗೊಜ್ಜು ಮಾಡಿದೆ. ಇಂಡಿಯನ್ ಸ್ಟೋರಿನ ಫ್ರೋಜನ್ ಬಾಳೆಲೆ ಬಿಡಿಸಿ ಇವರಿಗೆ ಬಡಿಸಿಟ್ಟೆ. ಅತಿಥಿಯಾಗಿ ಬಿಷಪ್ ತಾತನನ್ನೇ ಕರೆದೆ. ಈ ಬೀದಿಯಲ್ಲಿ ನನಗೆ ಇನ್ಯಾವ ಹಿರಿಯರು ಗೊತ್ತು? ಅವರು ಬಿಷಪ್ಪರ ನೇರಳೆ ಅಂಗಿ ತೊಟ್ಟು ಬಂದರು. ಕಾಗೆ ಕರೆಯಲು ಇಬ್ಬರೂ ಹಿತ್ತಲಿಗೆ ಹೋದೆವು. ಕಾಗೆಯಿರಲಿಲ್ಲ. ಇಲ್ಲಿನ ಉದ್ದ ಬಾಲದ ಕರಿಹಕ್ಕಿಗಳು ಬೇಲಿಯುದ್ದಕ್ಕೂ ಕೂತಿದ್ದವು. ಸದಾ ಕಿರುಚುವ ಹಕ್ಕಿಗಳು, ಅವತ್ತು ಒಂದೂ ಸದ್ದು ಮಾಡಲಿಲ್ಲ.

ಒಳಗೆ ಬಂದರೆ, ಗೊಜ್ಜಿನ ಕರಿಬೇವೆಲ್ಲ ಎಲೆಯ ಅಂಚಿನಲ್ಲಿ ಸಾಲಾಗಿತ್ತು. ನಿಮ್ಮಜ್ಜ ಜೀವಮಾನವೆಲ್ಲ ಹಾಗೆಯೇ ತೆಗೆದಿಡುತ್ತಿದ್ದರು, ನಾನು ಬೈಯುತ್ತಿದ್ದೆ. ನಾನು ಬಾಗಿಲಲ್ಲೇ ನಿಂತೆ. ತಾತ ಮಾತ್ರ ಬೆನ್ನು ನೆಟ್ಟಗೆ ಮಾಡಿ, ಖಾಲಿ ಜಾಗಕ್ಕೆ ತಲೆಬಾಗಿದರು. "ಯಜಮಾನರ ಭೋಜನವಾಯಿತು. ಇನ್ನು ನನಗೆ ಬಡಿಸಿರಿ."

ಶನಿವಾರ ಪುರೋಹಿತರು ಬಂದರು. ಬುಧವಾರದ ವಿಷಯ ನಿಮ್ಮಪ್ಪನಿಗೆ ಇವತ್ತಿಗೂ ಗೊತ್ತಿಲ್ಲ.

ತೀರಿಕೊಳ್ಳುವ ವಾರ ತಾತ ನನ್ನನ್ನು ಕರೆಸಿದರು. "ಮಗಳು ಒಳ್ಳೆಯವಳು. ಆದರೆ ತಟ್ಟೆ ಇಡುವವಳಲ್ಲ. ತಾವು ಇಡುವಿರಾ?"

"ನೀವು ಕ್ರಿಶ್ಚಿಯನ್ನರು. ನಿಮಗೆ ತಿಥಿ ಎಲ್ಲಿಂದ ತರಲಿ, ಸ್ವಾಮಿ?"

"ತಾವೇ ನೋಡಿ ಹೇಳಿ. ನಾನು ತಪ್ಪದೆ ಬರುವೆನು."

ಅವರ ಮುಖದಲ್ಲಿ ನಗುವಿರಲಿಲ್ಲ. ಹೂಂ ಎಂದೆ.

ಇವತ್ತು ಪಂಚಾಂಗ ತೆಗೆದು ನೋಡಿದೆ. ತಾತ ಹೋದ ದಿನ ಆಶ್ವಯುಜ ಬಹುಳ ತದಿಗೆ. ನಾನಿರುವ ತನಕ ನಾನು ಬಡಿಸುತ್ತೇನೆ, ಆಮೇಲೆ ನೀವು. ನೆಲದ ಮೇಲೆ ಕೂರಲಾರರು, ಮೇಜಿಗೆ ಎಲೆ ಹಾಕಿ. ಖಾರ ಕಡಿಮೆಯಿರಲಿ. ಯಾರೂ ಕಾಣದಿದ್ದರೂ ಕನ್ನಡದಲ್ಲೇ ಕರೆಯಿರಿ. ಆ ದಿನವನ್ನು ಬೇರೆಲ್ಲೂ ಬರೆದಿಟ್ಟಿಲ್ಲ, ಮಕ್ಕಳೇ. ಈ ಹಾಳೆಗಳನ್ನು ಮಾತ್ರ ಕಳೆಯಬೇಡಿ.